ಇಂಗ್ಲಿಷಿನಲ್ಲಿ ನಾಲ್ಕು, ಕನ್ನಡದಲ್ಲಿ ಎಂಟು: ಒಂದು ಸಮ್ಮೋಹನ ಪರೀಕ್ಷೆಯ ಪ್ರಕರಣ

ಒಬ್ಬಳೇ ವಿದ್ಯಾರ್ಥಿನಿ, ಒಂದೇ ಪರೀಕ್ಷೆ. ಇಂಗ್ಲಿಷಿನಲ್ಲಿ ಕೊಟ್ಟಾಗ 12ಕ್ಕೆ 4 ಅಂಕ. ಕೆಲವು ವಾರ ಬಿಟ್ಟು ಕನ್ನಡದಲ್ಲಿ ಕೊಟ್ಟಾಗ 8. ಪರೀಕ್ಷೆ ಅಳೆಯುವುದು ಒಬ್ಬ ವ್ಯಕ್ತಿ ಸಮ್ಮೋಹನಕ್ಕೆ, ಅಂದರೆ ಹಿಪ್ನಾಸಿಸ್‌ಗೆ, ಎಷ್ಟು ಸುಲಭವಾಗಿ ಒಳಗಾಗುತ್ತಾರೆ ಅನ್ನುವುದನ್ನು. ತಂಡದವರಿಗೆ ಖುಷಿಯೋ ಖುಷಿ. ‘ಮನೆಮಾತಿನಲ್ಲಿ ಹೇಳಿದರೆ ಸಮ್ಮೋಹನ ಬೇಗ ಹತ್ತುತ್ತದೆ’ ಅಂತ ಅರ್ಧ ಪ್ರಬಂಧ ಆಗಲೇ ಮನಸ್ಸಿನಲ್ಲಿ ಬರೆದುಬಿಟ್ಟಿದ್ದರು.

ಈ ಪ್ರಕರಣ ಪಾಠಕ್ಕೆಂದು ಕಟ್ಟಿದ್ದು. ವಿದ್ಯಾರ್ಥಿನಿ, ತಂಡ, ಅವರ ಅಂಕಗಳು ಯಾವುದೋ ಪ್ರಕಟಿತ ಅಧ್ಯಯನದವಲ್ಲ. ಆದರೆ ಪರೀಕ್ಷೆ ನಿಜವಾದದ್ದು, ಅದರ ನಿಯಮಗಳು ನಿಜವಾದವು, ಇಲ್ಲಿ ಹೆಸರು ಹೇಳುವ ಸಂಶೋಧನೆಗಳೂ ನಿಜವಾದವು. ಒಂದು ಮಾಪಕ ಭಾಷೆ ದಾಟುವಾಗ ಎಲ್ಲೆಲ್ಲಿ ಎಡವುತ್ತದೆ ಅನ್ನುವುದನ್ನು ನೋಡಲು ಹತ್ತು ದೇಶಗಳ ಕೋಷ್ಟಕಕ್ಕಿಂತ ಒಬ್ಬರ ಉತ್ತರಪತ್ರಿಕೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಮೊದಲು ಪರೀಕ್ಷೆ ಏನು ಅಂತ ನೋಡೋಣ. 1959ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಂಡ್ರೆ ವೈಟ್ಸನ್‌ಹಾಫರ್ ಮತ್ತು ಅರ್ನೆಸ್ಟ್ ಹಿಲ್ಗಾರ್ಡ್ ಒಂದು ಮಾಪಕ ತಂದರು. ಅದನ್ನು ಒಬ್ಬೊಬ್ಬರಿಗೇ ಕೊಡಬೇಕಿತ್ತು. 1962ರಲ್ಲಿ ರೊನಾಲ್ಡ್ ಶೋರ್ ಮತ್ತು ಎಮಿಲಿ ಓರ್ನ್ ಅದನ್ನೇ ಗುಂಪಿಗೆ ಕೊಡುವ ಹಾಗೆ ಬದಲಾಯಿಸಿದರು. ಅದೇ ಹಾರ್ವರ್ಡ್ ಗುಂಪು ಮಾಪಕ. ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ, ಒಂದು ಕೊಠಡಿ ತುಂಬ ಜನಕ್ಕೆ ಒಟ್ಟಿಗೆ ಕೊಡಬಹುದು. ಬೇರೆ ಭಾಷೆಗಳಿಗೆ ಇದು ಇಷ್ಟೊಂದು ಹೋಗಿರುವುದಕ್ಕೂ ಅದೇ ಕಾರಣ. ಜರ್ಮನ್, ಸ್ಪ್ಯಾನಿಷ್, ಇಟಾಲಿಯನ್, ಡೇನಿಷ್, ಫಿನ್ನಿಷ್, ಸ್ವೀಡಿಷ್, ಹಂಗೇರಿಯನ್, ಹೀಬ್ರೂ, ಕೊರಿಯನ್ ಹೀಗೆ ಪಟ್ಟಿ ಉದ್ದವಿದೆ.

ಒಳಗೆ ಇರುವುದು ಹನ್ನೆರಡು ಅಂಶ. ತಲೆ ಮುಂದಕ್ಕೆ ಬಾಗುವುದು, ಕಣ್ಣು ತಾನಾಗಿ ಮುಚ್ಚಿಕೊಳ್ಳುವುದು, ಚಾಚಿದ ಕೈ ಭಾರವಾಗಿ ಇಳಿಯುವುದು, ಎರಡು ಕೈ ಒಂದರತ್ತ ಒಂದು ಸರಿಯುವುದು. ಇವು ಸುಲಭದವು. ಆಮೇಲೆ ಸವಾಲಿನವು: ಕೈ ಎತ್ತಲಾಗುವುದಿಲ್ಲ, ಹೆಣೆದ ಬೆರಳು ಬಿಡಿಸಲಾಗುವುದಿಲ್ಲ, ತೋಳು ಮಡಿಸಲಾಗುವುದಿಲ್ಲ, ತಲೆಯಾಡಿಸಿ ಇಲ್ಲ ಅನ್ನಲಾಗುವುದಿಲ್ಲ, ಕಣ್ಣು ತೆರೆಯಲಾಗುವುದಿಲ್ಲ. ‘ಆಗುವುದಿಲ್ಲ, ಪ್ರಯತ್ನ ಮಾಡಿ ನೋಡಿ’ ಅಂತ ಹೇಳಿ, ಒಂದಿಷ್ಟು ಸಮಯ ಕೊಟ್ಟು, ಆಮೇಲೆ ‘ಸಾಕು’ ಅನ್ನುತ್ತಾರೆ. ಉಳಿದದ್ದು ಇಲ್ಲದ ನೊಣವೊಂದು ಸುತ್ತಿದ ಹಾಗೆ ಅನಿಸುವುದು, ಎಚ್ಚರವಾದ ಮೇಲೆ ಒಂದು ಗುರುತಿಗೆ ಎಡ ಕಾಲಿನ ಗಿಣ್ಣು ಮುಟ್ಟುವುದು, ಕೊನೆಗೆ ನಡೆದದ್ದು ಮರೆತುಹೋಗುವುದು. ಪ್ರತಿಯೊಂದಕ್ಕೂ ಒಂದು ಅಂಕ. ಸಾಮಾನ್ಯವಾಗಿ 0ರಿಂದ 4 ಬಂದರೆ ಕಡಿಮೆ, 5ರಿಂದ 8 ಮಧ್ಯಮ, 9ರಿಂದ 12 ಜಾಸ್ತಿ ಅಂತ ಲೆಕ್ಕ.

ಅಂಕ ಕೊಡುವವರು ಪರೀಕ್ಷಕರಲ್ಲ, ಕುಳಿತವರೇ. ಕೊನೆಗೆ ಕೈಗೆ ಬರುವ ಪುಸ್ತಿಕೆಯಲ್ಲಿ ಪ್ರಶ್ನೆ ಒಂದು ವಿಚಿತ್ರ ರೀತಿಯಲ್ಲಿರುತ್ತದೆ. ‘ನಿಮಗೆ ಏನನಿಸಿತು?’ ಅಂತ ಕೇಳುವುದಿಲ್ಲ. ‘ಪಕ್ಕದಲ್ಲಿ ನಿಂತು ನೋಡುತ್ತಿದ್ದವರಿಗೆ ನಿಮ್ಮ ಕೈ ಇಷ್ಟು ಎತ್ತರಕ್ಕೂ ಏಳಲಿಲ್ಲ ಅಂತ ಕಾಣಿಸುತ್ತಿತ್ತೇ?’ ಅನ್ನುವ ಧಾಟಿ. ಹೊರಗೆ ಕಂಡದ್ದಕ್ಕೆ ಮಾತ್ರ ಅಂಕ. ಒಳಗೆ ಏನಾಯಿತು ಅನ್ನುವುದಕ್ಕೆ ಅಂಕವಿಲ್ಲ.

ಇನ್ನು ಆಕೆಯ ಎರಡು ಪುಸ್ತಿಕೆ. ಇಂಗ್ಲಿಷಿನಲ್ಲಿ ಬಂದ 4 ಅಂಕ ಆ ನಾಲ್ಕು ಸುಲಭದ ಅಂಶಗಳದ್ದು: ತಲೆ, ಕಣ್ಣು, ಇಳಿದ ಕೈ, ಹತ್ತಿರ ಬಂದ ಎರಡು ಕೈ. ಕನ್ನಡದಲ್ಲೂ ಅವು ನಾಲ್ಕೂ ಬಂದಿವೆ. ಜೊತೆಗೆ ಹೊಸದಾಗಿ ನಾಲ್ಕು: ಕೈ ಎತ್ತಲಾಗದ್ದು, ಬೆರಳು ಬಿಡಿಸಲಾಗದ್ದು, ತೋಳು ಮಡಿಸಲಾಗದ್ದು, ಮರೆವು. ನೊಣ ಎರಡು ಸಲವೂ ಹತ್ತಿರ ಸುಳಿಯಲಿಲ್ಲ. ಕಾಲಿನ ಗಿಣ್ಣನ್ನೂ ಮುಟ್ಟಲಿಲ್ಲ.

ಮೊತ್ತ ನೋಡಿದವರಿಗೆ ಎರಡರಷ್ಟು ಕಂಡಿತು. ಅಂಶ ಅಂಶವಾಗಿ ನೋಡಿದರೆ ವಿಚಾರಿಸಬೇಕಾದದ್ದು ನಾಲ್ಕೇ ಅಂಕ. ತಂಡದ ಹಿರಿಯರೊಬ್ಬರು ಪ್ರಬಂಧದ ಮಾತು ಪಕ್ಕಕ್ಕಿಟ್ಟು ಆಕೆಯನ್ನು ಕರೆದು ಕೂರಿಸಿಕೊಂಡರು.

“ಕೈ ಎತ್ತೋಕೆ ನೋಡಿದ್ರಾ?”

“ಇಲ್ಲ ಮೇಡಂ. ಎತ್ತೋಕೆ ಆಗಲ್ಲ, ಬೇಕಾದರೆ ನೋಡಿ ಅಂದ್ರಿ. ನನಗೆ ಬೇಕು ಅನಿಸಲಿಲ್ಲ. ಆರಾಮಾಗಿತ್ತು, ಸುಮ್ನೆ ಬಿಟ್ಟೆ.”

“ತೋಳು ಮಡಿಸೋಕೆ?”

“ಅದೂ ಅಷ್ಟೇ.”

“ಪುಸ್ತಿಕೆಯಲ್ಲಿ ಕೈ ಏಳಲಿಲ್ಲ ಅಂತ ಗುರುತು ಹಾಕಿದ್ದೀರಲ್ಲ?”

“ಹೌದಲ್ವಾ? ಏಳಲಿಲ್ಲ. ನೋಡಿದವರಿಗೆ ಏನು ಕಾಣ್ತಿತ್ತು ಅಂತ ತಾನೇ ಕೇಳಿದ್ದು.”

ಆಕೆ ಸುಳ್ಳು ಹೇಳಲಿಲ್ಲ. ನಿಯಮದ ಪ್ರಕಾರ ಎರಡೂ ಅಂಕ ಆಕೆಗೆ ಸಲ್ಲಬೇಕು. ಆದರೆ ಸವಾಲಿನ ಅಂಶದ ಜೀವ ಇರುವುದೇ ಪ್ರಯತ್ನದಲ್ಲಿ. ಎತ್ತಲು ನೋಡಿ ಸೋತರೆ ಅದು ಸಮ್ಮೋಹನದ ಗುರುತು. ಎತ್ತಲು ನೋಡದೇ ಇದ್ದರೆ ಅದು ಸುಮ್ಮನೆ ಕೂತದ್ದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಎರಡಕ್ಕೂ ಒಂದೇ ಅಂಕ. ಇದು ಭಾಷಾಂತರದ ದೋಷವಲ್ಲ, ಮಾಪಕದಲ್ಲೇ ಮೊದಲಿನಿಂದ ಇರುವ ಬಿರುಕು. ಭಾಷಾಂತರ ಆ ಬಿರುಕನ್ನು ಅಗಲ ಮಾಡಿತು ಅಷ್ಟೇ.

ಹೇಗೆ ಅಂತ ಕೇಳಿದರೆ ಪಠ್ಯಕ್ಕೆ ಹೋಗಬೇಕು. ಕನ್ನಡದ ಕೆಲಸವನ್ನು ಇಬ್ಬರು ಹಂಚಿಕೊಂಡಿದ್ದರು. ಇಂಗ್ಲಿಷ್ ಮೂಲದಲ್ಲಿ ಸವಾಲಿನ ಭಾಗ ಮೆಲ್ಲಗೆ ಶುರುವಾಗುತ್ತದೆ, ಆಮೇಲೆ ಖಚಿತವಾಗಿ ಪ್ರಯತ್ನ ಮಾಡಿ ಅನ್ನುತ್ತದೆ. ಮೊದಲ ಭಾಷಾಂತರಕಾರರು ಆ ಮೆಲುದನಿಯನ್ನು ಚೆನ್ನಾಗಿ ತಂದರು, ಕೊನೆಯ ಒತ್ತಾಯವನ್ನು ಬಿಟ್ಟರು. ‘ಬೇಕಾದರೆ ಎತ್ತಿ ನೋಡಿ’ ಅಂದುಬಿಟ್ಟರೆ ಬೇಡ ಅಂದವರಿಗೆ ದಾರಿ ಸಿಕ್ಕಿತು. ಕೈ ಎತ್ತುವುದು, ತೋಳು ಮಡಿಸುವುದು ಎರಡೂ ಇವರ ಪಾಲಿನವು. ಬೆರಳಿನ ಭಾಗ ಇನ್ನೊಬ್ಬರದ್ದು. ಅವರು ಬರೆದದ್ದು: ‘ಈಗ ಬೆರಳು ಬಿಡಿಸಿಕೊಳ್ಳಿ ನೋಡೋಣ. ಎಳೆಯಿರಿ.’ ಆಕೆ ಅಲ್ಲಿ ನಿಜವಾಗಿ ಎಳೆದಿದ್ದಳು. ಬೆರಳು ಬರಲಿಲ್ಲ. ‘ಅಂಟಿಕೊಂಡ ಹಾಗೇ ಇತ್ತು ಮೇಡಂ, ನಗು ಬಂತು’ ಅಂದಳು. ತಲೆಯಾಡಿಸುವುದು ಮತ್ತು ಕಣ್ಣು ತೆರೆಯುವುದು ಕೂಡ ಎರಡನೆಯವರ ಕೈಬರಹವೇ. ಅಲ್ಲಿ ಆಕೆ ಪ್ರಯತ್ನ ಮಾಡಿದಳು, ತಲೆ ಆಡಿತು, ಕಣ್ಣು ತೆರೆಯಿತು, ಅಂಕ ಹೋಯಿತು. ಅಂದರೆ ಯಾರು ಬರೆದ ಸಾಲು ಅನ್ನುವುದರ ಮೇಲೆ ಆಕೆ ಪ್ರಯತ್ನಿಸಿದಳೋ ಇಲ್ಲವೋ ಅನ್ನುವುದು ನಿಂತಿತ್ತು. ಆಗ ಅಳೆದದ್ದು ಯಾರನ್ನು?

ನೀವು ಅನ್ನಬೇಕೋ ನೀನು ಅನ್ನಬೇಕೋ ಅಂತ ಇದೇ ಇಬ್ಬರು ತುಂಬ ಹೊತ್ತು ಜಗಳವಾಡಿದ್ದರಂತೆ. ಈ ನಾಲ್ಕು ಅಂಕಕ್ಕೂ ಅದಕ್ಕೂ ಸಂಬಂಧವೇ ಕಾಣಲಿಲ್ಲ. ಭಾಷಾಂತರದಲ್ಲಿ ಜಗಳ ಆಗುವ ಜಾಗ ಒಂದು, ಪೆಟ್ಟು ಬೀಳುವ ಜಾಗ ಇನ್ನೊಂದು. ಇದು ಬೇರೆ ಮಾಪಕಗಳಲ್ಲೂ ನೋಡಿದ ವಿಷಯ.

ಮರೆವಿನ ಅಂಕದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಸಮ್ಮೋಹನದ ಕೊನೆಗೆ ‘ಎಚ್ಚರವಾದ ಮೇಲೆ ಏನೂ ನೆನಪಿರುವುದಿಲ್ಲ, ನಾನು ಹೇಳುವ ತನಕ’ ಅಂತ ಸೂಚನೆ ಕೊಡುತ್ತಾರೆ. ಎಚ್ಚರವಾದ ಮೇಲೆ ನಡೆದದ್ದನ್ನೆಲ್ಲ ಬರೆಯಲು 3 ನಿಮಿಷ. ಹನ್ನೆರಡರಲ್ಲಿ ಈ ಲೆಕ್ಕಕ್ಕೆ ಬರುವ ಒಂಬತ್ತು ಅಂಶಗಳಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಬರೆದರೆ ಮರೆವು ಬಂದಿದೆ ಅಂತ ಒಂದು ಅಂಕ. ಆಮೇಲೆ ‘ಈಗ ಎಲ್ಲವೂ ನೆನಪಿಗೆ ಬರುತ್ತದೆ’ ಅಂತ ಬಿಡುಗಡೆ ಮಾಡಿ ಮತ್ತೆ ಬರೆಸುತ್ತಾರೆ. ಮೂಲ ನಿಯಮದಲ್ಲಿ ಈ ಎರಡನೇ ಬರಹಕ್ಕೆ ಅಂಕವಿರಲಿಲ್ಲ. 1984ರಲ್ಲಿ ಜಾನ್ ಕಿಲ್‌ಸ್ಟ್ರಾಮ್ ಮತ್ತು ಪೆಟ್ರೀಷಿಯಾ ರೆಜಿಸ್ಟರ್ ಇದನ್ನು ಎತ್ತಿ ಹೇಳಿದರು. ಬಿಡುಗಡೆಯಾದ ಮೇಲೆ ನೆನಪು ಮರಳಿ ಬಂದರೆ ಮಾತ್ರ ಅದು ಸಮ್ಮೋಹನದ ಮರೆವು, ಇಲ್ಲದಿದ್ದರೆ ಗಮನವಿಟ್ಟಿರಲಿಲ್ಲ ಅಂತಲೂ ಇರಬಹುದಲ್ವಾ? ಅಷ್ಟೇ ಅವರ ವಾದ, ಆದರೆ ಗಟ್ಟಿ ವಾದ.

ಇಂಗ್ಲಿಷಿನಲ್ಲಿ ಆಕೆ ಆರು ಅಂಶ ಬರೆದಿದ್ದಳು. ಕನ್ನಡದಲ್ಲಿ ಮೂರು. ಬಿಡುಗಡೆಯ ನಂತರ ಇನ್ನೆರಡು ಬಂದವು. ಮೂಲ ನಿಯಮಕ್ಕೂ ಸೈ, ಕಿಲ್‌ಸ್ಟ್ರಾಮ್ ಕೇಳಿದ ಷರತ್ತಿಗೂ ಸೈ. ತಂಡದವರು ಈ ಅಂಕವನ್ನು ಎಲ್ಲಕ್ಕಿಂತ ಗಟ್ಟಿ ಅಂದುಕೊಂಡಿದ್ದರು.

ಹಾಳೆ ತೆಗೆದು ನೋಡಿದಾಗ ಗೊತ್ತಾಯಿತು. ಇಂಗ್ಲಿಷ್ ಹಾಳೆಯಲ್ಲಿ ಒಂದೊಂದು ಅಂಶಕ್ಕೆ ಎರಡೇ ಪದ, ಒಂದರ ಕೆಳಗೊಂದು. ಕನ್ನಡದ ಹಾಳೆಯಲ್ಲಿ ಪೂರ್ತಿ ವಾಕ್ಯಗಳು. ‘ಮೊದಲು ನನ್ನ ಎಡಗೈಯನ್ನು ಮುಂದಕ್ಕೆ ಚಾಚಲು ಹೇಳಿದರು, ಅದು ನಿಧಾನವಾಗಿ ಕೆಳಗೆ ಬಂತು’ ಅನ್ನುವ ಹಾಗೆ, ಪತ್ರ ಬರೆದ ಹಾಗೆ, ಒತ್ತಕ್ಷರವನ್ನೆಲ್ಲ ತಿದ್ದಿ ತೀಡಿ. ಮೂರನೆಯ ವಾಕ್ಯ ‘ಆಮೇಲೆ ಬೆರಳುಗಳನ್ನು ಒಂದಕ್ಕೊಂದು’ ಅಂತ ಅರ್ಧಕ್ಕೆ ನಿಂತಿದೆ. ಮುಂದಿನ ಪುಟದಲ್ಲಿ, ಅಂದರೆ ಬಿಡುಗಡೆಯ ನಂತರದ ಪುಟದಲ್ಲಿ, ಮೊದಲ ಪದ ‘ಹೆಣೆದು’. ಅದೇ ವಾಕ್ಯದ ಬಾಲ!

ಮರೆತವರು ವಾಕ್ಯದ ನಡುವೆ ಮರೆತು, ಅನುಮತಿ ಸಿಕ್ಕ ಕ್ಷಣಕ್ಕೆ ಅದೇ ವಾಕ್ಯದಿಂದ ಶುರು ಮಾಡುವುದಿಲ್ಲ. ಆಕೆಗೆ ಸಮಯ ಸಾಕಾಗಲಿಲ್ಲ, ಅಷ್ಟೇ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾತಾಡುತ್ತಾಳೆ, ಓದುತ್ತಾಳೆ, ಕೈಯಲ್ಲಿ ಬರೆಯುವ ರೂಢಿ ತಪ್ಪಿ ವರ್ಷಗಳಾಗಿವೆ. ಒಂದು ಭಾಷೆಯಲ್ಲಿ ಮಾತು, ಇನ್ನೊಂದರಲ್ಲಿ ಬರಹ ಅನ್ನುವ ಜನ ಎಲ್ಲ ಕಡೆ ಇದ್ದಾರೆ. ಅವರಿಗೆಲ್ಲ ಮಾತಿನ ಭಾಷೆಯಲ್ಲಿ ಈ ಪರೀಕ್ಷೆ ಕೊಟ್ಟರೆ ಮರೆವಿನ ಅಂಕ ಪುಕ್ಕಟೆಯಾಗಿ ಬರುವ ಸಾಧ್ಯತೆ ಇದೆ.

ಬರಹದ ಗೊಡವೆ ಇದೊಂದೇ ಮಾಪಕದ್ದಲ್ಲ. ಸ್ಟ್ಯಾನ್‌ಫರ್ಡಿನ ಮೂರನೆಯ ಮಾಪಕ, ಸಿ ಫಾರ್ಮ್ ಅನ್ನುವುದು, 1962ರಲ್ಲಿ ಬಂತು. ಅದರಲ್ಲಿ ವಯಸ್ಸು ಹಿಂದಕ್ಕೆ ಹೋಗುವ ಒಂದು ಅಂಶವಿದೆ. ಐದನೇ ತರಗತಿಗೆ ಹೋಗಿದ್ದೀರಿ, ಹೆಸರು ಬರೆಯಿರಿ, ಈಗ ಎರಡನೇ ತರಗತಿ, ಮತ್ತೆ ಬರೆಯಿರಿ ಅನ್ನುತ್ತಾರೆ. ಕೈಬರಹ ಚಿಕ್ಕ ಮಗುವಿನದ್ದಾಗುತ್ತದೆಯೇ ಅಂತ ನೋಡಲು. ಎರಡನೇ ತರಗತಿಯಲ್ಲಿ ಒಂದು ಲಿಪಿ, ಐದನೇ ತರಗತಿ ಹೊತ್ತಿಗೆ ಇನ್ನೊಂದು ಲಿಪಿ ಕಲಿತವರು ಅಲ್ಲಿ ಏನು ಬರೆಯಬೇಕು? 2018ರಲ್ಲಿ ಪೀಟರ್ ಲಷ್ ಮತ್ತು ಸಂಗಡಿಗರು ತಂದ ಸಸೆಕ್ಸ್-ವಾಟರ್ಲೂ ಮಾಪಕದಲ್ಲಿ ಈ ಅಂಶವನ್ನೂ ಕನಸು ಕಾಣಲು ಹೇಳುವ ಅಂಶವನ್ನೂ ಕೈಬಿಟ್ಟಿದ್ದಾರೆ. ಭಾಷೆ ದಾಟಬೇಕಾದವರಿಗೆ ಇದರಿಂದ ಒಂದು ತಲೆನೋವು ಕಡಿಮೆ.

ಈಗ ನಾಲ್ಕು ಅಂಕದಲ್ಲಿ ಮೂರು ಕರಗಿದವು. ಉಳಿದದ್ದು ಬೆರಳಿನ ಒಂದು ಅಂಕ. ಆದರೆ ಇಷ್ಟೆಲ್ಲ ವಿಚಾರಣೆಗೆ ಮೊದಲೇ ಒಂದು ಸಣ್ಣ ಲೆಕ್ಕ ಹಾಕಿದ್ದರೆ ಖುಷಿ ಅಷ್ಟು ಜೋರಾಗಿ ಇರುತ್ತಿರಲಿಲ್ಲ. ಅಂಕಗಳ ಹರವು, ಅಂದರೆ ಪ್ರಮಾಣಿತ ವಿಚಲನೆ, 3 ಅಂತ ಇಟ್ಟುಕೊಳ್ಳೋಣ. ವಿಶ್ವಾಸಾರ್ಹತೆ, ಅಂದರೆ ಮತ್ತೆ ಅಳೆದರೆ ಎಷ್ಟರಮಟ್ಟಿಗೆ ಅದೇ ಬರುತ್ತದೆ ಅನ್ನುವುದು, 0.75. ಹನ್ನೆರಡು ಅಂಶದ ಪರೀಕ್ಷೆಗೆ ಇವು ಅತಿಯಾದ ಊಹೆಗಳಲ್ಲ. ಆಗ ಒಬ್ಬರ ಒಂದು ಅಂಕದಲ್ಲಿರುವ ಅಳತೆಯ ದೋಷ 1.5. ಒಬ್ಬರ ಎರಡು ಅಂಕಗಳ ನಡುವಿನ ವ್ಯತ್ಯಾಸಕ್ಕೆ ಅದು ಸುಮಾರು 2.1 ಆಗುತ್ತದೆ. ಶೇಕಡಾ 95ರ ಲೆಕ್ಕದಲ್ಲಿ ಎರಡೂ ಕಡೆ ಸುಮಾರು 4.2. ಏನೂ ಬದಲಾಗದೆ, ಅದೇ ಭಾಷೆಯಲ್ಲಿ ಎರಡು ಸಲ ಕೊಟ್ಟಿದ್ದರೂ 4 ಅಂಕದ ಏರಿಳಿತ ಈ ಮಿತಿಯೊಳಗೇ ಬೀಳುತ್ತದೆ. ಕಡಿಮೆ ಅನ್ನುವ ಗುಂಪಿನಿಂದ ಮಧ್ಯಮದ ತುದಿಗೆ ಜಿಗಿದದ್ದು ನೋಡಲು ದೊಡ್ಡದು, ಪುರಾವೆಯಾಗಿ ಬಡಕಲು.

ಸಮ್ಮೋಹನಕ್ಕೆ ಒಳಗಾಗುವ ಗುಣ ಸ್ಥಿರವಲ್ಲ ಅಂತ ಇದರಿಂದ ಹೇಳಲಾಗದು. ಗುಂಪಿನ ಮಟ್ಟದಲ್ಲಿ ಇದು ಸಾಕಷ್ಟು ಸ್ಥಿರ. 1989ರಲ್ಲಿ ಪಿಚ್ಚೋನೆ, ಹಿಲ್ಗಾರ್ಡ್ ಮತ್ತು ಜಿಂಬಾರ್ಡೊ 50 ಜನರನ್ನು 25 ವರ್ಷದ ನಂತರ ಮತ್ತೆ ಪರೀಕ್ಷಿಸಿ ವರದಿ ಮಾಡಿದರು. ಹಳೆಯ ಹೊಸ ಅಂಕಗಳ ಸಹಸಂಬಂಧ (1 ಬಂದರೆ ಪೂರ್ತಿ ಹೊಂದಿಕೆ) 0.71 ಇತ್ತು. ಬುದ್ಧಿಮತ್ತೆಯಂಥ ಗುಣಗಳ ಜೊತೆ ಸಾಲಿನಲ್ಲಿ ನಿಲ್ಲಿಸಬಹುದಾದಷ್ಟು. ಗುಂಪಿನಲ್ಲಿ ಯಾರು ಮೇಲೆ ಯಾರು ಕೆಳಗೆ ಅನ್ನುವ ಸಾಲು ಹೆಚ್ಚು ಕದಲುವುದಿಲ್ಲ, ಒಬ್ಬರ ಅಂಕ ಮಾತ್ರ ಎರಡು ಮೂರು ಅತ್ತಿತ್ತ ಆಗುತ್ತಲೇ ಇರುತ್ತದೆ.

ಇಲ್ಲಿಗೆ ಮನೆಮಾತಿನ ವಾದ ಸತ್ತಿತು ಅಂದುಕೊಳ್ಳಬೇಡಿ. ಅದು ಪೊಳ್ಳು ವಾದವಲ್ಲ. 2003ರಲ್ಲಿ ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು ತುರ್ಕಿ ಮಾತೃಭಾಷೆಯ, ಆಮೇಲೆ ಇಂಗ್ಲಿಷ್ ಕಲಿತ ಜನರ ಚರ್ಮದ ವಿದ್ಯುತ್ ವಾಹಕತೆ ಅಳೆದರು, ಭಾವನೆ ಕೆರಳಿದರೆ ಅದು ಏರುತ್ತದೆ. ಚಿಕ್ಕಂದಿನಲ್ಲಿ ಕೇಳಿದ ಬೈಗುಳದಂಥ ಗದರಿಕೆಗಳಿಗೆ ತುರ್ಕಿಯಲ್ಲಿ ಪ್ರತಿಕ್ರಿಯೆ ಜೋರಾಗಿತ್ತು, ಇಂಗ್ಲಿಷಿನಲ್ಲಿ ಅಷ್ಟಿಲ್ಲ. ಮೊದಲ ಭಾಷೆ ಮೈಗೆ ಬೇಗ ತಟ್ಟುತ್ತದೆ. ಕೈ ಭಾರವಾಗುತ್ತಿದೆ ಅನ್ನುವ ಮಾತೂ ಹಾಗೆಯೇ ತಟ್ಟಬಹುದು. ಕನ್ನಡಕ್ಕೆ ಇಲ್ಲಿ ಒಂದು ಅನುಕೂಲವೂ ಇದೆ. ಕೈ ಇಳಿಯುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ ಅಂತ ಯಾರೂ ಮಾಡದೆ ತಾನಾಗಿ ಆಗುವುದನ್ನು ಹೇಳುವುದು ನಮಗೆ ಸಲೀಸು. ಸಮ್ಮೋಹನದ ಸೂಚನೆಗೆ ಬೇಕಾದದ್ದು ಅದೇ, ಆಜ್ಞೆಯಲ್ಲ.

ಆದರೆ ಈ ಪ್ರಕರಣದಲ್ಲಿ ಭಾಷೆಯ ಜೊತೆ ಬೇರೆ ಏನೇನು ಬದಲಾಯಿತು ನೋಡಿ. ಇಂಗ್ಲಿಷ್ ಮೊದಲು, ಕನ್ನಡ ಆಮೇಲೆ. ಇಂಗ್ಲಿಷ್ ಧ್ವನಿಮುದ್ರಣ, ಕನ್ನಡ ಎದುರು ಕೂತು ಓದಿದ್ದು. ಇಂಗ್ಲಿಷ್ ಒಪ್ಪಿಗೆ ಪತ್ರದಲ್ಲಿ ಹಿಪ್ನಾಸಿಸ್ ಅಂತ ನೇರವಾಗಿ ಇತ್ತು. ಕನ್ನಡದಲ್ಲಿ ವಶೀಕರಣದ ನೆನಪಾಗಿ ಜನ ಹೆದರಿಯಾರು ಅಂತ ‘ಮನಸ್ಸು ಹಗುರ ಮಾಡುವ ಪ್ರಯೋಗ’ ಅಂದಿದ್ದರು. ಈ ಕೊನೆಯದು ಒಂದು ತಮಾಷೆ. 2005ರಲ್ಲಿ ಗಾಂಧಿ ಮತ್ತು ಓಕ್ಲಿ ಅನ್ನುವವರು ಅದೇ ವಿಧಾನಕ್ಕೆ ಒಂದು ಕಡೆ ಹಿಪ್ನಾಸಿಸ್, ಇನ್ನೊಂದು ಕಡೆ ರಿಲ್ಯಾಕ್ಸೇಷನ್ ಅಂತ ಹೆಸರಿಟ್ಟು ನೋಡಿದರು. ಹಿಪ್ನಾಸಿಸ್ ಅಂದ ಗುಂಪಿನಲ್ಲಿ ಸೂಚನೆಗೆ ಒಳಗಾಗುವುದು ಹೆಚ್ಚಾಯಿತು. ಆ ಲೆಕ್ಕದಲ್ಲಿ ಹೆಸರು ಮುಚ್ಚಿಟ್ಟ ಕನ್ನಡದ ಸರದಿಯಲ್ಲಿ ಅಂಕ ಇಳಿಯಬೇಕಿತ್ತು. ಒಂದು ಬದಲಾವಣೆ ಮೇಲಕ್ಕೆ ಎಳೆದರೆ ಇನ್ನೊಂದು ಕೆಳಕ್ಕೆ. ಒಟ್ಟು ಅಂಕದಲ್ಲಿ ಯಾವುದೂ ಬೇರೆಯಾಗಿ ಕಾಣುವುದಿಲ್ಲ.

ಒಬ್ಬರ ವಿಷಯದಲ್ಲಿ ಇಷ್ಟು ಗೊಂದಲ ಸರಿ, ಸಾವಿರ ಜನರನ್ನು ಪರೀಕ್ಷಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ಅನಿಸಬಹುದು. ಅರ್ಧ ನಿಜ. ಜನ ಜಾಸ್ತಿಯಾದರೆ ಆ 1.5ರ ದೋಷ ಸರಾಸರಿಯಲ್ಲಿ ಕರಗುತ್ತದೆ. ಪ್ರಯತ್ನ ಮಾಡದೆ ಬಂದ ಅಂಕ, ನಿಧಾನ ಬರಹದ ಅಂಕ ಕರಗುವುದಿಲ್ಲ. ಅವು ಎಲ್ಲರಲ್ಲೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಮೂರು ಅಂಶಗಳಲ್ಲಿ ಪ್ರತಿಯೊಂದರಲ್ಲೂ ನೂರಕ್ಕೆ 30 ಜನ ಹೀಗೆ ಪುಕ್ಕಟೆ ಅಂಕ ಪಡೆದರೆ ಇಡೀ ಗುಂಪಿನ ಸರಾಸರಿ 0.9 ಏರುತ್ತದೆ. ಬೇರೆ ಬೇರೆ ದೇಶಗಳಿಂದ ಬಂದ ಸರಾಸರಿಗಳು ಹೆಚ್ಚಾಗಿ 5ರಿಂದ 7ರ ಆಸುಪಾಸಿನಲ್ಲೇ ಸುತ್ತುತ್ತವೆ. ಎರಡು ದೇಶಗಳ ನಡುವೆ ಒಂದು ಅಂಕದ ಅಂತರ ಕಂಡರೆ ಅದು ಜನರ ಗುಣವೋ, ಎರಡು ಸಾಲಿನ ಭಾಷಾಂತರವೋ ಸರಾಸರಿ ನೋಡಿ ಹೇಳಲು ಬರುವುದಿಲ್ಲ. ಮೇಲಾಗಿ ಸಾವಿರ ಜನರನ್ನು ಪರೀಕ್ಷಿಸಿದ್ದೇವೆ ಅನ್ನುವ ಧೈರ್ಯ ಬೇರೆ ಬಂದಿರುತ್ತದೆ. ಆ ಜನರೂ ಬಹುಪಾಲು ಕಾಲೇಜು ವಿದ್ಯಾರ್ಥಿಗಳು. ಒಂದು ಕಡೆ ತಾವಾಗಿ ಬಂದವರು, ಇನ್ನೊಂದು ಕಡೆ ಕೋರ್ಸಿನ ಅಂಕಕ್ಕಾಗಿ ಕೂತವರು.

ಹಾಗಾದರೆ ಮಾತೇ ಬೇಡ ಅನ್ನುವ ದಾರಿ ಇದೆಯೇ? 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಅನ್ನುವ ಸ್ಕಾಟ್ಲೆಂಡಿನ ಸರ್ಜನ್ ರೋಗಿಗಳಿಗೆ ಮೆಸ್ಮರಿಸಂ, ಅಂದರೆ ಸಮ್ಮೋಹನದ ಹಳೆಯ ರೂಪ, ಮಾಡಿಸಿ ದೊಡ್ಡ ಗಡ್ಡೆಗಳನ್ನು ಕೊಯ್ದು ತೆಗೆದ. ಸಹಾಯಕರು ತುಂಬ ಹೊತ್ತು ಮೈಮೇಲೆ ಕೈಯಾಡಿಸುತ್ತಿದ್ದರು, ಮಾತಿನ ಕೆಲಸ ಕಡಿಮೆ. ಆದರೆ ಅಲ್ಲಿ ಮಾಪಕವೂ ಇರಲಿಲ್ಲ. ಇನ್ನೊಂದು ತುದಿಯಲ್ಲಿ, ಕಿವುಡರಿಗಾಗಿ ಟೆನೆಸ್ಸೀ ವಿಶ್ವವಿದ್ಯಾಲಯದಲ್ಲಿ ಒಂದು ಮಾಪಕ ಮಾಡಿದ್ದಾರೆ. ಸಂಜ್ಞೆಭಾಷೆಯಲ್ಲಿ ಸೂಚನೆ ಕೊಡಬೇಕಾದರೆ ಕಣ್ಣು ಮುಚ್ಚಿಸಿ ಕೂರಿಸಲಾಗದು, ಹಾಗಾಗಿ ಹಾರ್ವರ್ಡ್ ಮಾಪಕದ ಅರ್ಧ ಕೆಲಸವನ್ನೇ ಹೊಸದಾಗಿ ಯೋಚಿಸಬೇಕು. ಅದನ್ನು ಭಾಷಾಂತರ ಅನ್ನುವುದಕ್ಕಿಂತ ಮರುನಿರ್ಮಾಣ ಅನ್ನಬೇಕು. ನನಗೆ ಕೇಳಿದರೆ ಎಲ್ಲ ಭಾಷೆಗೂ ಅದೇ ಧೋರಣೆ ವಾಸಿ.

ತಂಡ ಕೊನೆಗೆ ಮಾಡಿದ್ದು ಇಷ್ಟು. ಕನ್ನಡ ಪಠ್ಯವನ್ನು ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷಿಗೆ ತಿರುಗಿಸಿ ಓದಿದರು. ‘ಬೇಕಾದರೆ’ ಎರಡು ಜಾಗದಲ್ಲಿ ಎದ್ದು ಕಂಡಿತು. ಐದೂ ಸವಾಲಿನ ಅಂಶಗಳ ಕೊನೆಗೆ ಒಂದೇ ಸಾಲು ಇಟ್ಟು, ಸಾಕು ಅನ್ನುವ ಮುಂಚೆ ಎಷ್ಟು ಸೆಕೆಂಡು ಬಿಡಬೇಕು ಅಂತ ಎರಡೂ ಭಾಷೆಗೆ ಒಂದೇ ಲೆಕ್ಕ ಮಾಡಿದರು. ಪುಸ್ತಿಕೆಗೆ ಎರಡು ಪ್ರಶ್ನೆ ಸೇರಿಸಿದರು: ನಿಜವಾಗಿ ಪ್ರಯತ್ನ ಮಾಡಿದಿರಾ, ಮತ್ತು ಅದು ತಾನಾಗಿ ಆಯಿತೋ ನೀವೇ ಬಿಟ್ಟಿರೋ. ಎರಡನೆಯದು ಹೊಸ ಯೋಚನೆಯಲ್ಲ. ನಿಕೊಲಸ್ ಸ್ಪಾನೋಸ್ 1983ರಲ್ಲಿ ತಂದ ಕಾರ್ಲ್‌ಟನ್ ಮಾಪಕದಲ್ಲಿ ಹೊರಗೆ ಕಂಡದ್ದಕ್ಕೆ ಒಂದು ಅಂಕ, ಒಳಗೆ ಅನಿಸಿದ್ದಕ್ಕೆ ಇನ್ನೊಂದು ಅಂಕ ಆಗಲೇ ಇತ್ತು. ಮರೆವಿನ ಅಂಶಕ್ಕೆ ಬರಹದ ಬದಲು ಬಾಯಲ್ಲಿ ಹೇಳಿಸಿ ಮುದ್ರಿಸಿಕೊಳ್ಳುವುದು ಅಂತಾಯಿತು. ಇದರಿಂದ ಗುಂಪಿಗೆ ಕೊಡುವ ಸೌಕರ್ಯ ಹೋಯಿತು, ಕೆಲಸ ಮೂರು ಪಟ್ಟಾಯಿತು. ಗೊಣಗಿದರು, ಒಪ್ಪಿದರು. ಎರಡೂ ಭಾಷೆಗೆ ಒಂದೇ ಧ್ವನಿಯ ಮುದ್ರಣ, ಅರ್ಧ ಜನಕ್ಕೆ ಕನ್ನಡ ಮೊದಲು, ಉಳಿದರ್ಧಕ್ಕೆ ಇಂಗ್ಲಿಷ್ ಮೊದಲು.

ಆಕೆಯ ಕಡತದಲ್ಲಿ 8 ಅನ್ನುವ ಅಂಕವನ್ನು ಅಳಿಸಲಿಲ್ಲ, ನಿಯಮದ ಪ್ರಕಾರ ಅದು ಸರಿಯಾದ ಅಂಕವೇ. ಪಕ್ಕದಲ್ಲಿ ಬರೆದದ್ದು: ಕೈ ಮತ್ತು ತೋಳು – ಪ್ರಯತ್ನವಿಲ್ಲ; ಮರೆವು – ಬರಹದ ವೇಗ; ಬೆರಳು – ಪ್ರಯತ್ನವಿದೆ, ತಾನಾಗಿ ಆದದ್ದು ಅನ್ನುತ್ತಾಳೆ. ಬೆರಳಿನ ಆ ಒಂದು ಅಂಕ ಭಾಷೆಯದೋ, ಎರಡನೇ ಸಲದ್ದೋ, ಎದುರು ಕೂತು ಓದಿದ ದನಿಯದೋ ಅಂತ ಆಕೆಯೊಬ್ಬಳ ಹಾಳೆಯಿಂದ ತೀರ್ಮಾನಿಸಲು ಬರುವುದಿಲ್ಲ. ಎರಡು ಸಲ ಕೂತು ಪರೀಕ್ಷೆ ಬಾಯಿಪಾಠವಾಗಿರುವುದರಿಂದ ಮೂರನೇ ಸಲಕ್ಕೆ ಆಕೆಯನ್ನು ಕರೆಯಲಿಲ್ಲ.